ಬಾಗಿಲ ಮೇಲಿನ ಕಪ್ಪೆ

ಮಾರ್ಚ್ 3, ಸೋಮವಾರ, ಮಧ್ಯಾಹ್ನ

ಬಾಗಿಲಿಗೆ ಪ್ಲಾಸ್ಟಿಕ್ ಕಪ್ಪೆ ಅಂಟಿಸಿದ್ದಾಯಿತು. ಇವರ ಚಪ್ಪಲಿ ಮಂಚದ ಎಡಕ್ಕೆ, ನನ್ನದು ಬಲಕ್ಕೆ. ಮಾತ್ರೆ ಡಬ್ಬಿ ಕನ್ನಡಿಯ ಹಿಂದಿನ ಗೂಡಿನಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ. ಅದೇ ಹಡಗು, ಅದೇ ಕ್ಯಾಬಿನ್, ಅದೇ ದುಂಡು ಕಿಟಕಿ. ಇದೇ ಬೇಕೆಂದು ಹಟ ಹಿಡಿದು ಬುಕ್ ಮಾಡಿದ್ದು.

ಅದೇ ಹಡಗು ಅಂದೆ. ಎಲ್ಲಿ ಅದೇ... ರಿಪೇರಿಗೆ ಹೋಗಿ ಬಂದಿದೆಯಂತೆ. ‘ಹೊಸ ಮೆರುಗು’ ಎಂದು ಹತ್ತುವಲ್ಲೇ ದೊಡ್ಡ ಬೋರ್ಡು. ಬಿಳಿ ಕಾರ್ಡಿನವರ ಸಾಲು ಮಾಯ. ಹೆಚ್ಚು ಸಲ ಬಂದವರಿಗೆ ಕಂಪನಿ ಕೊಡುವ ಕಾರ್ಡು ಅದು, ಇದಕ್ಕಿಂತ ಮೇಲಿನದು ಇಲ್ಲ. ಮೊದಲೆಲ್ಲ ಅದನ್ನು ತೋರಿಸಿದರೆ ಹಗ್ಗ ಸರಿಸಿ ಒಳಗೆ ಕರೆಯುತ್ತಿದ್ದರು, ಕೈಗೆ ತಣ್ಣನೆ ಪಾನಕದ ಲೋಟ ಕೊಡುತ್ತಿದ್ದರು. ಈ ಸಲ ಬಿಸಿಲಲ್ಲಿ ಎಲ್ಲರ ಜೊತೆ ನಿಂತೆವು. ಕಾರ್ಡು ಈಗ ಮೊಬೈಲ್ ಆ್ಯಪ್‌ನಲ್ಲಿದೆಯಂತೆ. ಕ್ಯಾಬಿನ್ನಿನ ಹಣ್ಣಿನ ಬುಟ್ಟಿಯೂ ಆ್ಯಪ್‌ನಲ್ಲಿ. ಕೂಪನ್ ಕಳಿಸಿದ್ದಾರೆ, ಅದನ್ನೇ ಸಿಪ್ಪೆ ಸುಲಿದು ತಿನ್ನಬೇಕು.

ಅದೆಲ್ಲ ಹಾಳಾಗಲಿ. ನಾನು ಕಂಗಾಲಾದದ್ದು ಕಾರಿಡಾರಿನಲ್ಲಿ. ಇವರು ನಡೆಯುತ್ತಾ ನಡೆಯುತ್ತಾ ನಿಂತುಬಿಟ್ಟರು. ನೆಲ ನೋಡುತ್ತಾ ಕೇಳಿದರು, “ಮೀನೆಲ್ಲಿ?”

ಕಾರ್ಪೆಟ್ಟಿನ ಮೇಲೆ ಮೀನುಗಳಿದ್ದವು. ಎಲ್ಲವೂ ಹಡಗಿನ ಮೂತಿಯ ಕಡೆ ಮುಖ ಮಾಡಿ ಈಜುತ್ತಿದ್ದವು. ಮೀನು ಹೋಗುವ ಕಡೆ ಹೋದರೆ ಊಟದ ಹಾಲ್, ಬಾಲದ ಕಡೆ ಹೋದರೆ ನಮ್ಮ ಕ್ಯಾಬಿನ್. ಹಳೆಯ ಪ್ರಯಾಣಿಕರೆಲ್ಲ ಹಾಗೇ ದಾರಿ ಹಿಡಿಯುವುದು. ಈಗ ಉದ್ದಕ್ಕೂ ಬೂದಿ ಬಣ್ಣ. ಬೋಳು.

ಬರೆದೇ ಬಿಡುತ್ತೇನೆ, ಇದನ್ನು ಓದುವವರು ಯಾರೂ ಇಲ್ಲವಲ್ಲ. ಇವರಿಗೆ ಮರೆವಿನ ಕಾಯಿಲೆ. ಮನೆಯಲ್ಲೇ ಬಚ್ಚಲು ಯಾವ ಕಡೆ ಎಂದು ಕೇಳುತ್ತಾರೆ. ಆದರೆ ಹೋದ ವರ್ಷ ಈ ಹಡಗಿನಲ್ಲಿ ಒಬ್ಬರೇ ಹೋಗಿ ಇಬ್ಬರಿಗೂ ಟೀ ತಂದಿದ್ದರು, ದಿನಾ. ಮೀನಿನ ಜಾಡು ಹಿಡಿದು ಬಂದು, ಕಪ್ಪೆ ನೋಡಿ ನಿಂತು, “ಏನಯ್ಯಾ, ಮನೆಯವಳು ಒಳಗಿದ್ದಾಳಾ?” ಎಂದು ಅದನ್ನು ವಿಚಾರಿಸಿ ಆಮೇಲೆ ಬಾಗಿಲು ತಟ್ಟುತ್ತಿದ್ದರು. ಮೊದಲನೇ ಪ್ರಯಾಣದಿಂದ ಬಂದ ತಮಾಷೆ ಅದು. ಈ ಜಗತ್ತಿನಲ್ಲಿ ಇವರು ಇವರಾಗಿ ಉಳಿದಿರುವ ಜಾಗ ಇದೊಂದೇ. ಅದಕ್ಕೇ ಬಂದೆ. ಮಗಳು ಬೇಡವೆಂದಳು, ಡಾಕ್ಟರು ಮುಖ ಸಿಂಡರಿಸಿದರು. ಹಡಗಿನವರು ಕೇಳಿದ ಆರೋಗ್ಯದ ಪ್ರಶ್ನೆಗಳಿಗೆ ‘ಏನೂ ಇಲ್ಲ’ ಎಂದು ಒತ್ತಿದೆ. ಇದೆ ಎಂದಿದ್ದರೆ ಜೊತೆಗೆ ನರ್ಸ್ ಬೇಕಾಗುತ್ತಿತ್ತು. ಈಗ ಗೊತ್ತಾದರೆ ಮುಂದಿನ ಬಂದರಿನಲ್ಲಿ ಇಬ್ಬರನ್ನೂ ಇಳಿಸಿಬಿಡುತ್ತಾರೆ.

ಯಾರಿಗೂ ಗೊತ್ತಾಗಬಾರದು. ಅಷ್ಟೆ.

ಮಾರ್ಚ್ 4, ಮಂಗಳವಾರ, ಬೆಳಗ್ಗೆ

ಕಪ್ಪೆ ಇಲ್ಲ.

ತಿಂಡಿ ಮುಗಿಸಿ ಬರುವಷ್ಟರಲ್ಲಿ ಬಾಗಿಲು ಬೋಳು. ಒಂದು ಕಣ್ಣಿನ ಬಣ್ಣ ಹೋದ ಪ್ಲಾಸ್ಟಿಕ್ ಕಪ್ಪೆ, ಹೊಟ್ಟೆಯಲ್ಲಿ ಅಯಸ್ಕಾಂತ. ಅದನ್ನು ಕದಿಯುವ ದರಿದ್ರ ಯಾರಿಗಿರುತ್ತೆ? ಕ್ಯಾಬಿನ್ ಗುಡಿಸುವಾತನನ್ನು ಹಿಡಿದು ಕೇಳಿದೆ. ಪಾಪ, ನೆಲ ನೋಡಿದ. ಮೇಲಿನವರ ಆರ್ಡರ್ ಎಂದ.

ಕೆಳಗೆ ಕೌಂಟರಿಗೆ ಹೋದೆ. ಅಲ್ಲೊಬ್ಬಳು ಹುಡುಗಿ, ಇಸ್ತ್ರಿ ಮಾಡಿದ ನಗು. ಏನು ಹೇಳಿದರೂ ‘ಖಂಡಿತ ಮೇಡಂ’. ಹೊಸ ಬಾಗಿಲು, ಹೊಸ ಬಣ್ಣ, ಯಾವ ಅಲಂಕಾರಕ್ಕೂ ಅವಕಾಶವಿಲ್ಲವಂತೆ. ಕಪ್ಪೆ ಅವರ ವಶದಲ್ಲಿ ಭದ್ರವಾಗಿದೆಯಂತೆ. ಇಳಿಯುವ ದಿನ ಕೊಡುತ್ತಾರಂತೆ. ಇಳಿಯುವ ದಿನ ಅದನ್ನಿಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕಲೇ?

“ಅದು ಅಂಟಲ್ಲಮ್ಮ, ಅಯಸ್ಕಾಂತ. ಬಣ್ಣ ಹೋಗಲ್ಲ.”

“ಖಂಡಿತ ಮೇಡಂ. ನಿಮ್ಮ ಭಾವನೆ ನಮಗೆ ಅರ್ಥ ಆಗುತ್ತೆ.”

ಮೈಯೆಲ್ಲ ಉರಿದುಹೋಯಿತು. ಫೋನ್ ಕಂಪನಿಯ ದೂರು ವಿಭಾಗದಲ್ಲಿ ರಿಟೈರ್ ಆಗುವವರೆಗೂ ಕೂತವಳು ನಾನು. ‘ನಿಮ್ಮ ಭಾವನೆ ಅರ್ಥ ಆಗುತ್ತೆ’ ಎನ್ನುವುದನ್ನು ಹೊಸಬರಿಗೆ ಕಲಿಸಿಕೊಟ್ಟವಳೇ ನಾನು. ಅದರ ಅರ್ಥ ನಿಮ್ಮ ಕೆಲಸ ಆಗಲ್ಲ, ಹೊರಡಿ, ಎಂದು. ಮೊದಲು ಒಪ್ಪು, ಆಮೇಲೆ ವಿಷಾದಿಸು, ಆಮೇಲೆ ಬೇರೆ ಏನಾದರೂ ಕೈಗಿಡು. ಕೊನೆಗೆ ಅವಳು ಕೈಗಿಟ್ಟದ್ದೂ ಒಂದು ಕೂಪನ್. ಕಾಫಿಗೆ.

ಅವಳಿಗೆ ನಿಜ ಹೇಳುವಂತಿಲ್ಲ. ನನಗೇಕೆ ಬೇಕು ಆ ಕಪ್ಪೆ ಎಂದು ಕೇಳಿದಳು. ಬಿಳಿ ಕಾರ್ಡಿನವರಿಗೆ ಇಷ್ಟೂ ಮರ್ಯಾದೆ ಇಲ್ಲವೇ ಎಂದು ಗಂಟಲು ಏರಿಸಿದೆ. ಹಿಂದೆ ಸಾಲಿನಲ್ಲಿ ಯಾರೋ ನಕ್ಕರು. ಕೊಬ್ಬಿದ ಮುದುಕಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ.

ಅದೇ ದಿನ, ಸಂಜೆ

ಟೇಬಲ್ಲೂ ಹೋಯಿತು! ಕಿಟಕಿ ಪಕ್ಕದ ಇಬ್ಬರ ಟೇಬಲ್, ಅದೇ ವೇಳೆ, ಬಡಿಸಲು ಅದೇ ಮೀಸೆಯವನು. ಎಲ್ಲ ರದ್ದು. ಈಗ ‘ಯಾವಾಗ ಬೇಕಾದರೂ, ಎಲ್ಲಿ ಬೇಕಾದರೂ’ ಊಟವಂತೆ. ಅಂದರೆ ಜಾಗ ಸಿಕ್ಕಾಗ, ಸಿಕ್ಕಲ್ಲಿ. ಮೀಸೆಯವನನ್ನು ಮೇಲಿನ ಡೆಕ್ಕಿನ ದುಬಾರಿ ಹೋಟೆಲಿಗೆ ಹಾಕಿದ್ದಾರೆ.

ಹಿಂದೆಲ್ಲ ಇವರು ಕೂತ ಕೂಡಲೇ ಅವನು ಸೂಪ್ ತಂದಿಡುತ್ತಿದ್ದ, ಕೇಳುತ್ತಿರಲಿಲ್ಲ. ಇವತ್ತು ಹೊಸ ಹುಡುಗಿಯೊಬ್ಬಳು ಮೆನುವನ್ನು ಮೊಬೈಲಿನಲ್ಲಿ ತೋರಿಸಿ ನಿಂತಳು. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ಊಟ ಎಲ್ಲಿದೆ?” ಎಂದರು. ಅವಳು ಚೆನ್ನಾದ ಜೋಕು ಎಂಬಂತೆ ನಕ್ಕಳು. ಇವರೂ ನಕ್ಕರು. ಇವರ ದೇವರು ದೊಡ್ಡವನು, ಮರೆವನ್ನೆಲ್ಲ ಜನ ತಮಾಷೆ ಎಂದುಕೊಳ್ಳುತ್ತಾರೆ.

ಲಿಫ್ಟಿನಲ್ಲಿ ಮಾತ್ರ ಇವರು ಮೊದಲಿನ ಹಾಗೇ. ದುಡಿದಷ್ಟು ಕಾಲ ಲಿಫ್ಟ್ ರಿಪೇರಿ ಮಾಡಿಕೊಂಡೇ ಬದುಕಿದವರು. ಬಾಗಿಲು ಮುಚ್ಚುವಾಗ ಕಿವಿ ಕೊಟ್ಟು ಕೇಳಿದರು. “ಇದಕ್ಕೆ ಕೆಮ್ಮು ಬಂದಿದೆ. ಹೇಳ್ಬೇಕು ಯಾರಿಗಾದ್ರೂ.”

ಮಾರ್ಚ್ 6, ಗುರುವಾರ, ಮಧ್ಯಾಹ್ನ

ನಿನ್ನೆ ಬರೆಯಲಿಲ್ಲ. ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಕಪ್ಪೆಗೆ ಬದಲು ಏನೇನೋ ಮಾಡಿ ನೋಡಿದೆ. ಹಿಡಿಕೆಗೆ ಹಳದಿ ಕರವಸ್ತ್ರ ಕಟ್ಟಿದೆ, ಬಿಚ್ಚಿ ಒಳಗಿಟ್ಟರು. ನಂಬರಿನ ಮೂಲೆಗೆ ಕೆಂಪು ನೇಲ್ ಪಾಲಿಶ್ ಹಚ್ಚಿದೆ, ಒರೆಸಿಹಾಕಿದರು. ಆ್ಯಪ್‌ನಲ್ಲಿ ದೂರು ಬರೆದೆ. ಯಂತ್ರ ಉತ್ತರಿಸಿತು, ‘ನಿಮ್ಮ ಅನುಭವ ನಮಗೆ ಅಮೂಲ್ಯ’. ಒಂದು ನಕ್ಷತ್ರ ಕೊಟ್ಟೆ. ಅದಕ್ಕೂ ಧನ್ಯವಾದ ಹೇಳಿತು. ಎದುರು ಕ್ಯಾಬಿನ್ನಿನ ಹೆಂಗಸರು ನನಗೆ ‘ಕಪ್ಪೆ ಆಂಟಿ’ ಎಂದು ಹೆಸರಿಟ್ಟಿದ್ದಾರೆ. ನನ್ನ ಕಿವಿಗೇ ಬಿತ್ತು.

ನಿನ್ನೆ ಸ್ನಾನ ಮಾಡಿ ಹೊರಗೆ ಬಂದರೆ ಇವರಿಲ್ಲ. ಬಾಗಿಲು ಅರ್ಧ ತೆರೆದಿದೆ. ಒದ್ದೆ ತಲೆಯಲ್ಲೇ ಓಡಿದೆ. ಟೀ ಯಂತ್ರದ ಹತ್ತಿರ ಇಲ್ಲ. ಈಜುಕೊಳದ ಹತ್ತಿರ ಇಲ್ಲ. ಕಟಕಟೆಯ ಹತ್ತಿರ... ಅಲ್ಲಿ ನಿಂತು ಕೆಳಗೆ ನೀರು ನೋಡಿದೆ. ಯಾರನ್ನೂ ಸಹಾಯ ಕೇಳುವ ಹಾಗಿಲ್ಲ, ಹೆಸರು ಹಿಡಿದು ಕೂಗುವ ಹಾಗಿಲ್ಲ. ವಾಕಿಂಗ್ ಮಾಡುವವಳ ಹಾಗೆ ಮುಖ ಇಟ್ಟುಕೊಂಡು ಹುಡುಕಬೇಕು.

ಸಿಕ್ಕಿದ್ದು ಒಂದು ಡೆಕ್ ಕೆಳಗೆ. ಟೀ ಹಿಡಿದು ಬರುವಾಗ ಲಿಫ್ಟ್ ಹತ್ತಿ ಅಲ್ಲಿ ಇಳಿದುಬಿಟ್ಟಿದ್ದಾರೆ. ಅದೇ ಬೂದಿ ಕಾರ್ಪೆಟ್, ಅದೇ ಬಿಳಿ ಬಾಗಿಲು. ಬೇರೆಯವರ ಬಾಗಿಲಿಗೆ ನಮ್ಮ ಕ್ಯಾಬಿನ್ನಿನ ಕೀ ಕಾರ್ಡು ತೂರಿಸುತ್ತಾ ನಿಂತಿದ್ದಾರೆ, ಎರಡು ಕೈಯಲ್ಲೂ ಟೀ. ಕಾರ್ಡು ಹಲ್ಲಿನಲ್ಲಿ ಕಚ್ಚಿಕೊಂಡೇ ತೂರಿಸಲು ನೋಡುತ್ತಿದ್ದರು. ಒಳಗಿಂದ ಟವೆಲ್ ಸುತ್ತಿಕೊಂಡ ದಢೂತಿ ಬಂದು ಬಾಯಿ ಮಾಡತೊಡಗಿದ. ಸೆಕ್ಯುರಿಟಿ ಕರೀತೀನಿ ಎಂದ.

ನಾನು ಮಧ್ಯೆ ನುಗ್ಗಿ ಕ್ಷಮೆ ಕೇಳಿದೆ. ನಮ್ಮ ಯಜಮಾನರು ಸ್ವಲ್ಪ ಜಾಸ್ತಿ ಕುಡಿದಿದ್ದಾರೆ ಎಂದೆ. ಆ ಮನುಷ್ಯ ಕೂಡಲೇ ತಣ್ಣಗಾದ. ಕುಡಿದವರ ಮೇಲೆ ಜಗತ್ತಿಗೆ ಎಷ್ಟು ಕರುಣೆ.

ಇವರು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಕ್ಯಾಬಿನ್ ತಲುಪಿ ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಹೇಳಿದರು, “ನಾನು ಕುಡಿದಿರ್ಲಿಲ್ಲ ಕಣೇ.”

“ಗೊತ್ತು,” ಎಂದೆ.

“ಮತ್ತೆ ಯಾಕೆ ಹಾಗಂದೆ?”

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತುಬಿಟ್ಟೆ. ಕಾಯಿಲೆಯ ಮೇಲಿನ ಸಿಟ್ಟಲ್ಲ, ಅದಕ್ಕೆ ಒಗ್ಗಿಹೋಗಿದ್ದೇನೆ. ಒಂದು ಪ್ಲಾಸ್ಟಿಕ್ ಕಪ್ಪೆಗಾಗಿ ಇಷ್ಟೆಲ್ಲ ಆಗಬೇಕಾಯಿತಲ್ಲ ಎಂಬ ಸಿಟ್ಟು.

ಟೀ ತಣ್ಣಗಾಗಿತ್ತು. ಇಬ್ಬರೂ ಕುಡಿದೆವು.

ಮಾರ್ಚ್ 7, ಶುಕ್ರವಾರ, ಬೆಳಗ್ಗೆ

ಕೊನೆಗೂ ಮ್ಯಾನೇಜರ್ ಕರೆಸಿದರು. ಗೆದ್ದೆ ಅಂದುಕೊಂಡೆ. ಒಳ್ಳೆಯ ಸೀರೆ ಉಟ್ಟು, ಇವರನ್ನೂ ಕರೆದುಕೊಂಡೇ ಹೋದೆ. ಒಬ್ಬರೇ ಬಿಟ್ಟುಹೋಗುವ ಧೈರ್ಯ ಈಗಿಲ್ಲ.

ಮ್ಯಾನೇಜರ್ ಎದ್ದು ನಿಂತು ಕೈ ಕುಲುಕಿದರು. ನನ್ನ ದೂರುಗಳನ್ನೆಲ್ಲ ಓದಿದ್ದಾರಂತೆ, ರಾಶಿ ಬಿದ್ದಿದ್ದವಲ್ಲ. ಬಿಳಿ ಕಾರ್ಡಿನವರಿಗೆ ಅಗೌರವ ಆಯಿತು ಎನ್ನುವುದು ನನ್ನ ನೋವು ಎಂದು ಅರ್ಥ ಮಾಡಿಕೊಂಡಿದ್ದಾರೆ. ಮತ್ತೇನು, ನಾನೇ ಹಾಗೆ ಬರೆದದ್ದು. ಕಪ್ಪೆ ವಾಪಸ್ ಕೊಡಲು ನಿಯಮ ಬಿಡುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಮರ್ಯಾದೆ ಮಾಡುತ್ತಾರಂತೆ. ಭಾನುವಾರ ಮಧ್ಯಾಹ್ನ ದೊಡ್ಡ ಹಾಲ್‌ನಲ್ಲಿ ಹಳೆಯ ಪ್ರಯಾಣಿಕರಿಗೆ ಟೀ ಪಾರ್ಟಿ. ಅಲ್ಲಿ, ಈ ಹಡಗಿನಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಯಾಣ ಮಾಡಿದ ದಂಪತಿ ಎಂದು ನಮ್ಮನ್ನು ವೇದಿಕೆಗೆ ಕರೆಯುತ್ತಾರೆ. ಕ್ಯಾಪ್ಟನ್ ಉಡುಗೊರೆ ಕೊಡುತ್ತಾರೆ.

“ಯಜಮಾನರು ಮೈಕ್‌ನಲ್ಲಿ ಎರಡು ಮಾತು ಹೇಳಿದ್ರೆ ಸಾಕು,” ಎಂದರು.

ಆ ವೇದಿಕೆಗೆ ನಾವು ಎಷ್ಟು ವರ್ಷ ಆಸೆಪಟ್ಟಿದ್ದೆವು! ಮನೆಗೆ ಮಹಡಿ ಎಬ್ಬಿಸಲಿಲ್ಲ, ಕಾರು ಕೊಳ್ಳಲಿಲ್ಲ, ರಜೆ ಸಿಕ್ಕಾಗೆಲ್ಲ ಹಡಗು ಹತ್ತಿದೆವು. ಪ್ರತಿ ಸಲ ಯಾರೋ ಒಂದು ಜೋಡಿ ನಮಗಿಂತ ಮುಂದೆ ಇರುತ್ತಿತ್ತು. ಕೆಳಗೆ ಕೂತು ಚಪ್ಪಾಳೆ ತಟ್ಟಿ, ಅವರ ಬಗ್ಗೆ ಮೂಗು ಮುರಿದು ಬರುತ್ತಿದ್ದೆವು. ಈಗ ಬಂದಿದೆ. ಈಗ!

ಬೇಡ, ನಮಗೆ ಅದೆಲ್ಲ ಸರಿಹೋಗಲ್ಲ ಎಂದೆ. ಮ್ಯಾನೇಜರ್ ಅದನ್ನು ವಿನಯ ಎಂದುಕೊಂಡರು. ಅಷ್ಟರಲ್ಲಿ ಇವರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕೇಳಿದರು, “ನೀಲಿ ಕೋಟು ತಂದಿದ್ದೀಯಾ?”

ತಂದಿದ್ದೇನೆ. ಆ ಮುಖ ನೋಡಿ ಆಗಲಿ ಎಂದುಬಿಟ್ಟೆ.

ನನ್ನ ದೂರು ನನ್ನ ತಲೆಯ ಮೇಲೇ ಬಿತ್ತು. ಮಗಳ ಮೆಸೇಜು ಬಂದಿದೆ, ಅಪ್ಪ ಹೇಗಿದ್ದಾರೆ ಎಂದು. ಹೆಬ್ಬೆರಳಿನ ಚಿತ್ರ ಕಳಿಸಿದೆ.

ಮಾರ್ಚ್ 9, ಭಾನುವಾರ, ಊಟದ ನಂತರ

ಅಭ್ಯಾಸ ಮಾಡಿಸುತ್ತಿದ್ದೇನೆ. “ಎಲ್ಲರಿಗೂ ನಮಸ್ಕಾರ. ತುಂಬ ಸಂತೋಷವಾಯಿತು. ಧನ್ಯವಾದ.” ಅಷ್ಟೇ. ಮೂರು ಮಾತು ಹೇಳಿ ಮೈಕ್ ನನಗೆ ಕೊಡಬೇಕು. ಇವರು ಅಚ್ಚುಕಟ್ಟಾಗಿ ಒಪ್ಪಿಸುತ್ತಾರೆ. ನೀಲಿ ಕೋಟು, ಬಾಚಿದ ತಲೆ. ನೋಡಿದರೆ ಈಗಲೂ ನನಗೆ ಹೆಮ್ಮೆ. ಜೇಬಿನಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡಿದ್ದರು, ತೆಗೆಸಿದೆ. ಕೆಮ್ಮುವ ಲಿಫ್ಟಿಗೆ ಬೇಕಂತೆ.

ಹೊರಡಬೇಕು.

ಅದೇ ದಿನ, ಸಂಜೆ

ಹೇಗೆ ಬರೆಯಲಿ.

ಕ್ಯಾಪ್ಟನ್ ಗಾಜಿನ ಪುಟ್ಟ ಹಡಗೊಂದನ್ನು ಕೈಗಿಟ್ಟರು. ಚಪ್ಪಾಳೆ. ಇವರು ಮೈಕ್ ಹಿಡಿದು ನಮಸ್ಕಾರ ಹೇಳಿದರು, ಸಂತೋಷ ಹೇಳಿದರು. ನಾನು ಮೈಕಿಗೆ ಕೈ ಚಾಚಿದೆ. ಕೊಡಲಿಲ್ಲ.

“ನಿಮ್ಮ ಎರಡನೇ ಲಿಫ್ಟಿಗೆ ಕೆಮ್ಮು ಬಂದಿದೆ, ಯಾರಾದ್ರೂ ನೋಡಿ,” ಎಂದರು. ಹಾಲ್ ಪೂರ್ತಿ ನಕ್ಕಿತು. ನಕ್ಕಿದ್ದು ಇವರಿಗೆ ಹುರುಪು ಕೊಟ್ಟಿತು. “ಮೊದಲು ನೆಲದ ಮೇಲೆ ಮೀನಿದ್ವು. ಅವು ಹೇಳಿದ ಕಡೆ ಹೋದ್ರೆ ಊಟ ಸಿಕ್ತಿತ್ತು. ಮೀನು ಹೋದ್ವು. ಬಾಗಿಲ ಮೇಲೆ ಕಪ್ಪೆ ಇತ್ತು. ಅದನ್ನೂ ಓಡಿಸಿದ್ರಿ.” ಮತ್ತೆ ನಗು, ಹಳೆಯ ಪ್ರಯಾಣಿಕರು ಟೇಬಲ್ ಬಡಿದರು. ಎಲ್ಲರಿಗೂ ಆ ಮೀನುಗಳ ನೆನಪಿದೆ. ಮ್ಯಾನೇಜರ್ ಕೂಡ ಹಲ್ಲು ಬಿಟ್ಟರು.

“ಈಗ ನನ್ನ ಹೆಂಡತಿ ಯಾವ ಬಾಗಿಲ ಹಿಂದೆ ಇದ್ದಾಳೋ ನನಗೆ ಗೊತ್ತಿಲ್ಲ. ಅವಳು ಟೀಗೆ ಕಾಯ್ತಾ ಇರ್ತಾಳೆ.”

ನಾನು ಇವರ ಕೈ ಹಿಡಿದುಕೊಂಡೇ ನಿಂತಿದ್ದೆ.

ಇವರು ನನ್ನ ಕಡೆ ತಿರುಗಿದರು. ಮರ್ಯಾದೆಯಿಂದ ಸ್ವಲ್ಪ ಬಾಗಿ ಕೇಳಿದರು, “ನೀವೇನಾದ್ರೂ ಅವಳನ್ನ ನೋಡಿದ್ರಾ?”

ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥ ಹಾಸ್ಯಗಾರರನ್ನು ಅವರು ನೋಡೇ ಇರಲಿಲ್ಲವಂತೆ, ಆಮೇಲೆ ಬಂದು ಬಂದು ಹೇಳಿದರು. ನಾನೂ ನಕ್ಕೆ. ದೂರು ವಿಭಾಗದ ನಗು, ಒಳಗೆ ಏನೇ ಆದರೂ ಮುಖದಿಂದ ಬೀಳದ ನಗು. “ನೋಡಿದ್ದೀನಿ, ಬನ್ನಿ ತೋರಿಸ್ತೀನಿ,” ಎಂದೆ. ಮೆಟ್ಟಿಲಿಳಿಸಿಕೊಂಡು ಬಂದೆ.

ಮದುವೆಯಾದಾಗಿನಿಂದ ಇವರು ನನ್ನನ್ನು ‘ನೀವು’ ಎಂದದ್ದು ಇದೇ ಮೊದಲು.

ಅಷ್ಟು ಜನರಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಬಾಗಿಲ ಹತ್ತಿರ ಉಡುಗೊರೆಯ ತಟ್ಟೆ ಹಿಡಿದು ನಿಂತಿದ್ದ ‘ಖಂಡಿತ ಮೇಡಂ’ ಹುಡುಗಿ. ನನ್ನನ್ನೇ ನೋಡುತ್ತಿದ್ದಳು. ಮುಗಿಯಿತು. ನಾಳೆ ಮಧ್ಯಾಹ್ನ ಹಡಗು ಬಂದರಿಗೆ ಹೋಗುತ್ತದೆ, ಇಳಿಸಿಬಿಡುತ್ತಾರೆ. ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದೇನೆ.

ಮಾರ್ಚ್ 10, ಸೋಮವಾರ, ಬೆಳಗ್ಗೆ

ಬಾಗಿಲು ತಟ್ಟಿದ ಸದ್ದು. ತೆರೆದರೆ ಅವಳೇ. ಜೊತೆಗೆ ಡಾಕ್ಟರಿಲ್ಲ, ಸೆಕ್ಯುರಿಟಿ ಇಲ್ಲ. ಇವರು ಮಲಗಿದ್ದರು. ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಅವಳ ಕಣ್ಣು ಒಳಗಿನ ಪೆಟ್ಟಿಗೆಯ ಮೇಲೆ ಬಿದ್ದಿತ್ತು.

“ಎಷ್ಟು ದಿನದಿಂದ ಮೇಡಂ?” ಎಂದಳು.

ಕಾಗೆ ಹಾರಿಸುವುದು ಸಾಕಾಗಿತ್ತು. ಹೇಳಿದೆ, ಎಲ್ಲ. ಮೀನು, ಟೀ, ಕಪ್ಪೆಯನ್ನು ವಿಚಾರಿಸುವುದು, ಕುಡಿದಿದ್ದಾರೆ ಎಂದದ್ದು. ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತು, ಪರಿಚಯವಿಲ್ಲದ ಹುಡುಗಿಗೆ. ಅವಳು ಒಂದು ಸಲವೂ ಖಂಡಿತ ಎನ್ನಲಿಲ್ಲ, ಭಾವನೆ ಅರ್ಥ ಆಗುತ್ತೆ ಎನ್ನಲಿಲ್ಲ.

“ಮೊದಲೇ ಹೇಳಬಾರದಿತ್ತಾ?”

“ಹೇಳಿದ್ರೆ ಇಳಿಸ್ತಿದ್ರಿ.”

ಅದಕ್ಕೆ ಅವಳು ಇಲ್ಲ ಎನ್ನಲಿಲ್ಲ. ಅದು ನನಗೆ ಹಿಡಿಸಿತು. ನಿಯಮದಲ್ಲಿ ಒಂದು ಸಂದು ಇದೆಯಂತೆ. ಕಣ್ಣು ಮಂಜಾದವರಿಗೆ ಬಾಗಿಲ ಮೇಲೆ ಗುರುತು ಇಡಬಹುದು. ಹಾಗೆಂದು ಬರೆದುಕೊಂಡು ಮ್ಯಾನೇಜರ್ ಸಹಿ ಹಾಕಿಸಿದ್ದಾಳೆ. ಆದರೆ ಇವರು ತೆರೆದ ಡೆಕ್ಕಿಗೆ ಒಬ್ಬರೇ ಹೋಗಬಾರದು, ನಾನು ಇವತ್ತೇ ಮಗಳಿಗೆ ಫೋನ್ ಮಾಡಿ ನಿಜ ಹೇಳಬೇಕು.

“ಇದೇ ಕೊನೆ ಮೇಡಂ. ಮುಂದಿನ ಸಲ ಜೊತೆಗೊಬ್ಬರಿಲ್ಲದೆ ನಾನೇ ಹತ್ತಿಸಲ್ಲ.”

ಮುಂದಿನ ಸಲ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜೇಬಿನಿಂದ ಕಪ್ಪೆ ತೆಗೆದು ಬಾಗಿಲಿಗೆ ಇಟ್ಟಳು. ಟಕ್ ಎಂದು ಕೂತಿತು. ಅವಳ ಅಜ್ಜಿಯೋ ಯಾರೋ ಇದೇ ಮರೆವಿನ ದಾರಿಯಲ್ಲಿ ಹೋದವರಿರಬೇಕು. ಕೇಳಲಿಲ್ಲ.

ಮಗಳಿಗೆ ಫೋನ್ ಮಾಡಿದೆ. ಬೈದಳು, ಅತ್ತಳು. ಆಮೇಲೆ ಅಪ್ಪನಿಗೆ ಫೋನ್ ಕೊಡು ಎಂದಳು.

ಮಾರ್ಚ್ 11, ಮಂಗಳವಾರ, ಸಂಜೆ ನಾಲ್ಕು

ಇವರು ಟೀ ತರಲು ಹೊರಟರು. ತಾವಾಗಿಯೇ. ಎದ್ದು ಚಪ್ಪಲಿ ಮೆಟ್ಟಿ, “ತರ್ತೀನಿ ಇರು,” ಎಂದರು. ಟೀ ಯಂತ್ರ ಇದೇ ಕಾರಿಡಾರಿನ ತುದಿಯಲ್ಲಿದೆ, ಡೆಕ್ ದಾಟಬೇಕಿಲ್ಲ. ಹಿಂದೆಯೇ ಹೋಗೋಣವೆಂದು ಎದ್ದವಳು ಕೂತೆ. ಹೋದರೆ ಇವರು ಟೀ ತಂದ ಹಾಗಾಗುವುದಿಲ್ಲ.

ಕೂತಿರಲಾರದೆ ಬರೆಯುತ್ತಿದ್ದೇನೆ.

ಲಿಫ್ಟ್ ಕೆಮ್ಮಿತು. ಯಾರೋ ಇಳಿದರು. ಇವರಲ್ಲ, ಶೂ ಸದ್ದು. ಲಿಫ್ಟಿನ ಹತ್ತಿರ ಹೋದರೆ ಇವರು ಹತ್ತಿಬಿಡುತ್ತಾರೆ... ಇಲ್ಲ, ಹತ್ತಿರಲಾರರು.

ತುಂಬ ಹೊತ್ತಾಯಿತು. ಅಥವಾ ನನಗೆ ಹಾಗನ್ನಿಸುತ್ತಿದೆ. ಎದುರಿನ ಹೆಂಗಸರು ನಗುತ್ತಾ ಹೋದರು. ಗಾಜಿನ ಹಡಗನ್ನು ಎತ್ತಿ ಬೇರೆ ಕಡೆ ಇಟ್ಟೆ, ಸುಮ್ಮನೆ.

ಚಪ್ಪಲಿ. ಇವರದೇ, ಎಡಗಾಲು ಎಳೆಯುವ ಸದ್ದು. ನಿಧಾನವಾಗಿ ಬರುತ್ತಿದ್ದಾರೆ, ಟೀ ಚೆಲ್ಲದ ಹಾಗೆ.

ಬಾಗಿಲ ಮುಂದೆ ಬಂದರು.

ಮುಂದೆ ಹೋದರು.

ಕೂಗಲೇ? ಕೂಗಬಾರದು. ಕೂಗಿದರೆ... ಸದ್ದು ದೂರ ಹೋಗುತ್ತಿದೆ. ನಿಂತಿತು. ನಿಂತೇ ಇದೆ.

ತಿರುಗಿದರು. ಬರುತ್ತಿದ್ದಾರೆ. ಹತ್ತಿರ. ಹೊರಗೆ ಮಾತು, ಯಾರನ್ನೋ ಕೇಳುತ್ತಿದ್ದಾರೆ...

“ಏನಯ್ಯಾ, ಮನೆಯವಳು...”